ನಮ್ಮ ಬಾಯಾರಿಕೆಯನ್ನು ಕಪ್ಪೆಯ ಮೇಲೆ ಎತ್ತಿಕಟ್ಟಬೇಡಿ!

ಮಳೆ ಕೈಕೊಟ್ಟಾಗ ನಮ್ಮ ಸೀಮೆಯಲ್ಲಿ ಏನು ಮಾಡುತ್ತಿದ್ದರು ಎಂದು ಹಿರಿಯರನ್ನು ಕೇಳಿ ನೋಡಿ. ಹಿಂದೂಪುರದ ಕಡೆಯವರಾಗಲಿ ಕಲ್ಯಾಣದುರ್ಗದ ಕಡೆಯವರಾಗಲಿ, ಒಂದೇ ಕಥೆ ಹೇಳುತ್ತಾರೆ. ಒನಕೆಗೆ ಬೇವಿನ ಸೊಪ್ಪು ಸುತ್ತಿ, ಅದರ ನಡುವೆ ಕಪ್ಪೆಯನ್ನು ಕಟ್ಟಿ, ಹುಡುಗರು ಮನೆಮನೆಗೆ ಹೊತ್ತು ತರುತ್ತಿದ್ದರು. ಹೆಂಗಸರು ಬಿಂದಿಗೆಯ ಕೊನೆಯ ನೀರನ್ನಾದರೂ ತಂದು ಅದರ ಮೇಲೆ ಹುಯ್ಯುತ್ತಿದ್ದರು. ತೆಲುಗಿನವರು ಅದನ್ನು ಕಪ್ಪತಲ್ಲಿ ಎನ್ನುತ್ತಾರೆ, ಅಂದರೆ ಕಪ್ಪೆ ತಾಯಿ. ಕಪ್ಪೆಗಳಿಗೆ ಮದುವೆ ಮಾಡಿಸುವುದೂ ಉಂಟು. ಹೀಗೆ ಮಾಡಿದರೆ ಮಳೆ ಬರುತ್ತದೆಯೇ ಇಲ್ಲವೇ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಕುಡಿಯುವ ನೀರಿಗೆ ಪರದಾಡುವ ದಿನದಲ್ಲೂ ಒಂದು ತಂಬಿಗೆಯನ್ನು ಕಪ್ಪೆಗೆ ಕೊಟ್ಟವರ ಮೊಮ್ಮಕ್ಕಳು ನಾವು ಎಂಬುದನ್ನು ಮೊದಲಿಗೇ ನೆನಪಿಸಿಬಿಡುತ್ತೇವೆ. ಮುಂದಿನ ಮಾತಿಗೆ ಅದು ಬೇಕಾಗುತ್ತದೆ.

ಮೊನ್ನೆ ಕಪ್ಪೆಯ ಜೀವನಚಕ್ರದ ಪಾಠ ನಡೆದಿತ್ತು. ಮೊಟ್ಟೆ, ಗೊದಮೊಟ್ಟೆ, ಬಾಲದ ಮರಿ, ಕಪ್ಪೆ ಎಂದು ಬೋರ್ಡಿನ ಮೇಲೆ ಸುತ್ತಲೂ ಬಾಣದ ಗುರುತು ಹಾಕಿ ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಕಪ್ಪೆ ದೊಡ್ಡದಾ, ಮನುಷ್ಯ ದೊಡ್ಡೋನಾ?" ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಗೌರಿಬಿದನೂರಿನ ಹತ್ತಿರ ಇರುವ ಸೋದರಮಾವ ಹೇಳಿದರಂತೆ: ಎತ್ತಿನಹೊಳೆ ನೀರು ಇಷ್ಟು ತಡ ಆಗಿದ್ದೇ ಕಪ್ಪೆ, ಮೀನು, ಕಾಡು ಅಂತ ಕೋರ್ಟಿಗೆ ಹೋದವರಿಂದ, ಅವರಿಗೆ ನಮ್ಮ ಜೀವಕ್ಕಿಂತ ಕಪ್ಪೆಯ ಜೀವ ಹೆಚ್ಚು, ಅಂತ.

ನಮಗೆ ಆಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ಬೆಲ್ ಹೊಡೆದು ನಮ್ಮ ಮಾನ ಉಳಿಯಿತು! ಆದರೆ ಆ ಪ್ರಶ್ನೆ ಬಿಡಲಿಲ್ಲ. ಏಕೆಂದರೆ ಅದು ಆ ಹುಡುಗನ ಪ್ರಶ್ನೆಯೂ ಅಲ್ಲ, ಅವನ ಮಾವನ ಪ್ರಶ್ನೆಯೂ ಅಲ್ಲ. ಅದು ವೇದಿಕೆಗಳಿಂದ ಇಳಿದು ಬಂದ ಪ್ರಶ್ನೆ. ಬಾಯಾರಿದವರನ್ನು ತೋರಿಸಿ ಬಾಯಿ ಇಲ್ಲದವರನ್ನು ಬೈಯುವ ಪ್ರಶ್ನೆ. ಆದ್ದರಿಂದ ಇವತ್ತು ಉತ್ತರ ಬರೆಯುತ್ತಿದ್ದೇವೆ.

ಮೊದಲು ಕಪ್ಪೆ ಯಾವುದು ಎಂದು ತಿಳಿಯೋಣ. ಸಕಲೇಶಪುರದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಇಳಿಯುವಾಗ ರಸ್ತೆಯ ಜೊತೆಜೊತೆಗೇ ಒಂದು ಹೊಳೆ ಇಳಿಯುತ್ತದೆ. ಅದು ಕೆಂಪುಹೊಳೆ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವಾಗ ನಮ್ಮಲ್ಲಿ ಎಷ್ಟೋ ಜನ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದೇವೆ. 1986ರಲ್ಲಿ ಫ್ರಾನ್ಸಿನ ವಿಜ್ಞಾನಿ ಅಲೈನ್ ದುಬ್ವಾ ಈ ಕಾಡಿನ ಒಂದು ಕಪ್ಪೆಯನ್ನು ಹೊಸ ಜಾತಿ ಎಂದು ಗುರುತಿಸಿ, ಗುಂಡ್ಯ ಊರಿನ ಹೆಸರನ್ನೇ ಇಟ್ಟರು: ಇಂದಿರಾನ ಗುಂಡಿಯಾ. 2004ರಲ್ಲಿ ಐಯುಸಿಎನ್ ಕೆಂಪುಪಟ್ಟಿ ಇದನ್ನು ಅಳಿವಿನ ಅಂಚಿಗೆ ತೀರಾ ಹತ್ತಿರವಾದ ಜೀವಿಗಳ ಸಾಲಿಗೆ ಸೇರಿಸಿತು.

ಈಗ ನಮ್ಮ ಬೋರ್ಡಿನ ಚಿತ್ರಕ್ಕೆ ಬನ್ನಿ. ಗೊದಮೊಟ್ಟೆ ಎಂದರೆ ನಿಂತ ನೀರಿನಲ್ಲಿ ಈಜುವುದು ಎಂದೇ ನಾವು ಕಲಿಸಿದ್ದು. ಈ ಗುಂಪಿನ ಕಪ್ಪೆಗಳ ಗೊದಮೊಟ್ಟೆ ಹಾಗಲ್ಲ. ಅದು ಬಂಡೆಯ ಮೇಲೆ ಬದುಕುತ್ತದೆ! ಹೊಳೆಯ ಪಕ್ಕದ ಬಂಡೆಯ ಮೇಲೆ ಮಳೆಗಾಲದಲ್ಲಿ ತೆಳ್ಳಗೆ ನೀರು ಜಿನುಗುತ್ತದಲ್ಲ, ಕೈಯಿಟ್ಟರೆ ಬೆರಳು ಒದ್ದೆಯಾಗುವಷ್ಟೇ ನೀರು, ಅದರಲ್ಲಿ ಅಂಟಿಕೊಂಡು ಪಾಚಿ ಕೆರೆದು ತಿನ್ನುತ್ತದೆ. ಉದ್ದ ಬಾಲ, ಬೇಗನೆ ಮೂಡುವ ಹಿಂಗಾಲು, ಮುಟ್ಟಲು ಹೋದರೆ ಬಂಡೆಯ ಮೇಲೇ ಚಂಗನೆ ಜಿಗಿಯುತ್ತದೆ. ಆ ತೆಳು ನೀರು ನಾಲ್ಕು ದಿನ ನಿಂತರೆ ಬಂಡೆ ಒಣಗುತ್ತದೆ. ಬಂಡೆ ಒಣಗಿದರೆ ಆ ವರ್ಷದ ಮರಿಗಳಿಲ್ಲ. ಈಜಿ ಬೇರೆಡೆ ಹೋಗೋಣ ಎಂದರೆ ಅದಕ್ಕೆ ಈಜುವ ಮಡುವೇ ಇಲ್ಲ.

ಅದೇ ಕೆಂಪುಹೊಳೆಯ ಹೆಸರು ಹೊತ್ತ ಇನ್ನೊಂದು ಕಪ್ಪೆಯೂ ಇದೆ, ಕೆಂಪುಹೊಳೆ ಇರುಳುಗಪ್ಪೆ. ಅದನ್ನು 1937ರಲ್ಲಿ ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು ಅವರೇ. ಶಾಲೆ ಓದಿದ್ದು ಎಲ್ಲಿ ಗೊತ್ತೇ? ನಮ್ಮ ಪಕ್ಕದ ಬಳ್ಳಾರಿಯಲ್ಲಿ! ಅವರು ಸಂಗ್ರಹಿಸಿ ಬಾಟಲಿಗಳಲ್ಲಿ ಇಟ್ಟಿದ್ದ ಮಾದರಿ ಕಪ್ಪೆಗಳು ಮುಂದೆ ಕಳೆದುಹೋದವು. ಆಮೇಲೆ ಬಂದ ವಿಜ್ಞಾನಿಗಳು ಆ ಕಪ್ಪೆ ಯಾವುದು ಎಂದು ತಿಳಿಯಲು ಮತ್ತೆ ಅದೇ ಹೊಳೆ, ಅದೇ ಹಳ್ಳಗಳಿಗೆ ಹೋಗಬೇಕಾಯಿತು. ಬಾಟಲಿಯದು ಹೋದರೂ ಹೊಳೆಯದು ಉಳಿದಿತ್ತು, ಬಚಾವಾಯಿತು. ಹೊಳೆಯದೇ ಹೋದರೆ ಹುಡುಕಲು ಎಲ್ಲಿಗೆ ಹೋಗುವುದು? ಇರುಳುಗಪ್ಪೆಗಳ ಕುಲ ಪಶ್ಚಿಮಘಟ್ಟವನ್ನು ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಇನ್ನು ಎತ್ತಿನಹೊಳೆಯ ಮಾತು. ಎತ್ತಿನಹೊಳೆಯೂ ಕೆಂಪುಹೊಳೆಯೂ ಕೂಡಿಯೇ ಗುಂಡ್ಯ ಹೊಳೆ ಆಗುವುದು. ಅದು ಕುಮಾರಧಾರೆಗೆ, ಅಲ್ಲಿಂದ ನೇತ್ರಾವತಿಗೆ ಸೇರುತ್ತದೆ. ಯೋಜನೆಯ ಒಡ್ಡುಗಳು ಇರುವುದು ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮೇಲೆ. ಕೆಂಪುಹೊಳೆ ಆ ಪಟ್ಟಿಯಲ್ಲಿ ಇಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಇವೆಲ್ಲ ಒಂದೇ ಕಣಿವೆಯ ಅಕ್ಕತಂಗಿಯರು. ಒಂದೇ ಕಾಡು, ಒಂದೇ ಮಳೆ, ಒಂದೇ ತರಹದ ಬಂಡೆ. ಇಲ್ಲಿನ ಕಪ್ಪೆಗೆ ತಾಲೂಕಿನ ಗಡಿಯೂ ಗೊತ್ತಿಲ್ಲ, ಯೋಜನೆಯ ನಕ್ಷೆಯೂ ಗೊತ್ತಿಲ್ಲ. ಅಷ್ಟೇ ಏಕೆ, ಇದೇ ಕಣಿವೆಯಲ್ಲಿ ಗುಂಡ್ಯ ಜಲವಿದ್ಯುತ್ ಯೋಜನೆ ಮಾಡಲು ಹೊರಟಾಗ, 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಸಮಿತಿ ಅದಕ್ಕೆ ಅನುಮತಿ ಕೊಡಬೇಡಿ ಎಂದೇ ಬರೆಯಿತು.

ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆದದ್ದು 2014ರ ಮಾರ್ಚಿನಲ್ಲಿ, ಚಿಕ್ಕಬಳ್ಳಾಪುರದಲ್ಲಿ. ಮೊಟ್ಟಮೊದಲು ಹೇಳಿದ ಖರ್ಚು 8,323 ಕೋಟಿ ರೂಪಾಯಿ. 2023ರ ಹೊತ್ತಿಗೆ ಅದು 23,251 ಕೋಟಿ. ಮೊದಲ ಹಂತದ ಉದ್ಘಾಟನೆ ಆದದ್ದು 2024ರ ಸೆಪ್ಟೆಂಬರ್ 6ರ ಗೌರಿಹಬ್ಬದ ದಿನ, ಸಕಲೇಶಪುರದ ಬೆಟ್ಟದಲ್ಲಿ. ಅಂದು ಕೋಲಾರಕ್ಕೆ ಒಂದು ಹನಿಯೂ ತಲುಪಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಸಿಗುವ ನೀರು 24.01 ಟಿಎಂಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಅದೇ ಹಳ್ಳಗಳ ನೀರನ್ನು ಲೆಕ್ಕ ಹಾಕಿದಾಗ ಬಂದದ್ದು 9.55 ಟಿಎಂಸಿ. ಮಕ್ಕಳೇ, ನೀವೇ ಕಳೆಯಿರಿ. ಉಳಿದ ಹದಿನಾಲ್ಕೂವರೆ ಟಿಎಂಸಿಯನ್ನು ಕಪ್ಪೆ ಕುಡಿಯಿತೇ?

ಅಂದಮೇಲೆ ನೀರು ತಡವಾಗಲು ಕಪ್ಪೆ ಹೇಗೆ ಕಾರಣ? ಇಲ್ಲದ ನೀರನ್ನು ಇದೆ ಎಂದು ಬರೆದವರು ಯಾರು? ಹತ್ತು ವರ್ಷ ಕಾಯಿಸಿದವರು ಯಾರು? ಚಿಕ್ಕಬಳ್ಳಾಪುರದ, ಕೋಲಾರದ, ಮಧುಗಿರಿಯ ನಮ್ಮ ನೆಂಟರು ಕೇಳಬೇಕಾದದ್ದು ಇವರನ್ನು. ಆದರೆ ಇವರನ್ನು ಕೇಳಬಾರದು ಎಂದೇ ಕಪ್ಪೆಯನ್ನು ತಂದು ಮುಂದೆ ನಿಲ್ಲಿಸುತ್ತಾರೆ. ಬೈದರೆ ತಿರುಗಿ ಮಾತಾಡದ ಪ್ರಾಣಿ ನೋಡಿ, ಅನುಕೂಲ!

"ಸುಮ್ಮನೆ ಸಮುದ್ರಕ್ಕೆ ಹರಿದು ಹಾಳಾಗುವ ನೀರು ತಾನೇ?" ಎಂದು ಇನ್ನೊಂದು ಮಾತಿದೆ. ಈ ಮಾತಿಗೆ ಬೇರೆ ಯಾರು ತಲೆದೂಗಿದರೂ ನಾವು, ಗಡಿಯ ಈಚೆಗಿನವರು, ತಲೆದೂಗಬಾರದು. ಏಕೆ ಹೇಳಿ? ನಮ್ಮ ಹಿಂದೂಪುರದ ಪಕ್ಕದ ಪೆನ್ನೆ ಹುಟ್ಟುವುದು ನಂದಿಬೆಟ್ಟದ ಸಾಲಿನಲ್ಲಿ. ಜಯಮಂಗಲಿ, ಕುಮುದ್ವತಿ ಬರುವುದೂ ಆಚೆಯಿಂದಲೇ. ಮೇಲಿನವರು ಕೆರೆ ಕಟ್ಟಿದರು, ಒಡ್ಡು ಕಟ್ಟಿದರು, ಬೋರು ಕೊರೆದರು, ಮರಳು ತೆಗೆದರು. ಪ್ರತಿಯೊಬ್ಬರೂ ಹೇಳಿದ್ದು ಅದೇ ಮಾತು: ಕೆಳಗೆ ಹರಿದು ಹಾಳಾಗುವ ನೀರು ತಾನೇ? ಆ 'ಕೆಳಗೆ' ಎಂಬಲ್ಲಿ ಇದ್ದವರು ನಾವು! ಸೇತುವೆಯ ಮೇಲೆ ನಿಂತು ಮರಳಿನ ಹೊಳೆ ನೋಡುತ್ತಾ ಬೆಳೆದ ಮಕ್ಕಳು ನಮ್ಮ ತರಗತಿಯಲ್ಲಿ ಇದ್ದಾರೆ. ಹೊಳೆ ಎಂದರೆ ಬೇಸಿಗೆಯಲ್ಲಿ ಕ್ರಿಕೆಟ್ ಆಡುವ ಜಾಗ ಎಂದುಕೊಂಡ ಮಕ್ಕಳು.

ಕಲ್ಯಾಣದುರ್ಗದ ಕಡೆಯವರಿಗೆ ವೇದಾವತಿಯ ಕಥೆ ಗೊತ್ತು. ಬಾಬಾಬುಡನ್‌ಗಿರಿ ಸಾಲಿನಲ್ಲಿ ವೇದಾ ಮತ್ತು ಆವತಿ ಎಂದು ಎರಡು ತೊರೆಯಾಗಿ ಹುಟ್ಟಿ, ಮುಂದೆ ಒಂದಾಗಿ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ತುಂಬಿಸಿ, ಮಿಕ್ಕಿದರೆ ಹಗರಿ ಎಂಬ ಹೆಸರಿನಲ್ಲಿ ನಮ್ಮ ಭೈರವಾನಿತಿಪ್ಪ ಜಲಾಶಯಕ್ಕೆ ಬರಬೇಕು. ಮಿಕ್ಕಿದರೆ ತಾನೇ! 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮೇಲಿನವರ ಹೊಟ್ಟೆ ತುಂಬಿದ ಮೇಲೆ ಕೆಳಗಿನವರಿಗೆ ಎಂದರೆ ಏನು ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಹಾಗಿದ್ದ ಮೇಲೆ ಗುಂಡ್ಯದ ಕಪ್ಪೆಯೂ ಒಡ್ಡಿನ ಕೆಳಗಿರುವ ಜೀವಿ, ನಾವೂ ಒಡ್ಡಿನ ಕೆಳಗಿರುವ ಜೀವಿಗಳು. ನಮ್ಮದೂ ಅದರದೂ ಒಂದೇ ಕಡೆಯ ವ್ಯಾಜ್ಯ. ನಮ್ಮನ್ನೇ ಅದರ ವಿರುದ್ಧ ಸಾಕ್ಷಿ ಹೇಳಲು ಕರೆದರೆ ಹೋಗಬೇಕೇ?

ವೇದಾವತಿ ಹುಟ್ಟುವ ಆ ಬೆಟ್ಟಸಾಲಿನಲ್ಲೂ ಒಂದು ಕಪ್ಪೆ ಇದೆ. 2008ರಲ್ಲಿ ಕೆ.ಪಿ. ದಿನೇಶ್, ಸಿ. ರಾಧಾಕೃಷ್ಣನ್ ಮತ್ತು ಗೋಪಾಲಕೃಷ್ಣ ಭಟ್ಟ ಅದನ್ನು ಗುರುತಿಸಿ ದತ್ತಾತ್ರೇಯ ಇರುಳುಗಪ್ಪೆ ಎಂದು ಹೆಸರಿಟ್ಟರು. ಬೆಟ್ಟದ ನೆತ್ತಿಯ ಶೋಲಾ ಕಾಡಿನ ತೊರೆಗಳೇ ಅದರ ಮನೆ. ಕೆಂಪುಪಟ್ಟಿಯಲ್ಲಿ ಅದೂ ಅಪಾಯದ ಸಾಲಿನಲ್ಲೇ ಇದೆ. ಈ ಕುಲದ ಹಲವು ಕಪ್ಪೆಗಳು ನೀರಿನ ಮೇಲೆ ಬಾಗಿದ ಎಲೆಗೋ ಬಂಡೆಗೋ ಮೊಟ್ಟೆ ಅಂಟಿಸುತ್ತವೆ. ಮೊಟ್ಟೆ ಒಡೆದಾಗ ಮರಿ ಕೆಳಗಿನ ನೀರಿಗೆ ಬೀಳಬೇಕು. ಕೆಳಗೆ ನೀರು ಇರಲೇಬೇಕು ಎಂಬ ನಂಬಿಕೆಯ ಮೇಲೆ ನಡೆಯುವ ಸಂಸಾರ ಅದು. ನೀರು ಸರಿದು ಹೋಗಿದ್ದರೆ ಮರಿ ಕಲ್ಲಿನ ಮೇಲೆ ಬೀಳುತ್ತದೆ. ಆ ಬೆಟ್ಟಕ್ಕೆ ವಾರದ ಕೊನೆಗೆ ಸಾಲುಗಟ್ಟುವ ವಾಹನಗಳು, ತೊರೆಗೆ ಎಸೆಯುವ ಬಾಟಲಿ, ಅಗಲವಾಗುವ ರಸ್ತೆಯ ಮಣ್ಣು, ಎಲ್ಲವೂ ಆ ತೊರೆಯಲ್ಲೇ ಇಳಿಯುತ್ತವೆ. ಶೋಲಾ ಕಾಡು ಮಳೆಯನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುವುದರಿಂದಲೇ ತೊರೆ ಹರಿಯುವುದು, ತೊರೆ ಹರಿದರೇ ವೇದಾವತಿ. ಕಪ್ಪೆ ಕಾಣೆಯಾದ ದಿನ ತೊರೆಗೆ ಕಾಯಿಲೆ ಬಂದಿದೆ ಎಂದು ತಿಳಿಯಿರಿ. ಚರ್ಮದಲ್ಲೇ ಉಸಿರಾಡುವ, ಚರ್ಮದಲ್ಲೇ ನೀರು ಕುಡಿಯುವ ಪ್ರಾಣಿಗೆ ಆ ಕಾಯಿಲೆ ನಮಗಿಂತ ಮೊದಲು ಗೊತ್ತಾಗುತ್ತದೆ. 2023ರಲ್ಲಿ ಪ್ರಕಟವಾದ ಲೋಕದ ಉಭಯಜೀವಿಗಳ ಎರಡನೆಯ ಸಮೀಕ್ಷೆ ಎಂಟು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ನೋಡಿ, ಐದರಲ್ಲಿ ಎರಡಕ್ಕೆ ಅಳಿವಿನ ಅಪಾಯ ಇದೆ ಎಂದಿದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕಷ್ಟದಲ್ಲಿರುವ ಗುಂಪು ಬೇರೆ ಇಲ್ಲ.

ಇಷ್ಟು ಹೇಳಿದ ಮೇಲೆ ಕಪ್ಪೆಯ ಪರವಾಗಿ ಮಾತಾಡುವ ಪಟ್ಟಣದ ಗೆಳೆಯರಿಗೂ ಒಂದು ಮಾತು. ನಿಮ್ಮ ಫೋಟೋಗಳು ಚೆಂದ. ಆದರೆ ಸಾವಿರ ಅಡಿ ಬೋರು ಕೊರೆಸಿ ಸಾಲ ಮಾತ್ರ ಮೇಲೆ ಬಂದ ರೈತನ ಮುಂದೆ, ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಗುವಿನ ಮುಂದೆ, ಬರೀ ಫೋಟೋ ಹಿಡಿದು ನಿಂತರೆ ಯಾರೂ ಕೇಳುವುದಿಲ್ಲ. "ಇದು ಬೇಡ" ಎಂದವರು "ಹಾಗಾದರೆ ಇದನ್ನು ಮಾಡೋಣ" ಎಂದೂ ಹೇಳಬೇಕು. ನೀವು ಅದನ್ನು ಹೇಳದೆ ಬಿಟ್ಟ ಜಾಗದಲ್ಲೇ ಗುತ್ತಿಗೆದಾರರು ಬಂದು ಕುರ್ಚಿ ಹಾಕಿದ್ದು.

ಮತ್ತು ನಮಗೂ ಒಂದು ಮಾತು. ಹೌದು, ನಮಗೇ! ಅನಂತಪುರದ ಸರಾಸರಿ ಮಳೆ ವರ್ಷಕ್ಕೆ 550 ಮಿಲಿಮೀಟರ್ ಸುಮಾರು. ದೇಶದಲ್ಲೇ ತೀರಾ ಕಡಿಮೆ ಮಳೆಯ ಸೀಮೆಗಳಲ್ಲಿ ನಮ್ಮದೊಂದು. ಕಡಿಮೆ ನಿಜ, ಆದರೆ ಸೊನ್ನೆಯಲ್ಲ. ನಮ್ಮ ಹಿರಿಯರು ಆ 550ರಲ್ಲೇ ಕೆರೆ ಕಟ್ಟಿ ಭತ್ತ ಬೆಳೆದರು. ಇವತ್ತು ಆ ಕೆರೆಗಳ ಕಾಲುವೆ ಎಲ್ಲಿ? ಯಾರ ಹೊಲದೊಳಗೆ ಸೇರಿಹೋಗಿದೆ? ತೂಬು ಎಲ್ಲಿ ಹೂತಿದೆ? ಕೋಡಿಯ ಮೇಲೆ ಸೈಟು ಹಾಕಿದವರು ಯಾರು? ಪೆನ್ನೆಯ ಮರಳು ರಾತ್ರೋರಾತ್ರಿ ಲಾರಿ ಹತ್ತುವಾಗ ನಾವೆಲ್ಲ ಮಲಗಿದ್ದೆವೇ, ಮಲಗಿದಂತೆ ನಟಿಸುತ್ತಿದ್ದೆವೇ? ನಮ್ಮ ಊರಿನ ಕಾಲುವೆಯ ಮುಳ್ಳು ಕೀಳದವರು ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ ಹಳ್ಳ ತಿರುಗಿಸಿ ಎಂದು ಕೇಳುವುದು ನ್ಯಾಯವೇ? ಕಪ್ಪೆಯನ್ನು ಬಿಡಿ, ನಮ್ಮ ಹಿರಿಯರ ಮುಂದೆ ನಾಚಿಕೆಯಾಗಬೇಕು.

ನಾವು ಬೇರೆ ತರಹವೂ ಇರಬಲ್ಲೆವು ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಹಿಂದೂಪುರದ ಆಚೆ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಹೋಗಿ ನೋಡಿ. ಊರೊಳಗಿನ ಹುಣಸೆಮರಗಳ ಮೇಲೆ ದೊಡ್ಡ ದೊಡ್ಡ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಂಗಳದಲ್ಲೆಲ್ಲ ಹಿಕ್ಕೆ, ಮೀನಿನ ವಾಸನೆ. ಆದರೂ ಊರಿನವರು ಅವನ್ನು ಓಡಿಸುವುದಿಲ್ಲ, ಬೇಟೆಯವರನ್ನು ಹತ್ತಿರ ಸೇರಿಸುವುದಿಲ್ಲ. ಕೊಕ್ಕರೆ ಬಂದರೆ ಮಳೆ ಚೆನ್ನಾಗಿ ಆಗುತ್ತದೆ ಎಂದು ನಂಬಿಕೆ. "ಕೊಕ್ಕರೆ ದೊಡ್ಡದಾ, ಮನುಷ್ಯ ದೊಡ್ಡೋನಾ" ಎಂದು ಆ ಬಡ ಊರಿನವರು ಕೇಳುತ್ತಾ ಕೂರಲಿಲ್ಲ. ಆದರೆ ಸುತ್ತಲ ಕೆರೆಗಳಲ್ಲಿ ನೀರಿಲ್ಲದ ವರ್ಷ ಆ ಹಕ್ಕಿಗಳಿಗೆ ಮೀನಿಲ್ಲ. ಹಕ್ಕಿಗೂ ನಮಗೂ ಬೇಕಾದದ್ದು ಒಂದೇ ಕೆರೆ.

ಆದ್ದರಿಂದ ನಮ್ಮ ಶಾಲೆಗಳಿಗೆ, ಪೋಷಕರಿಗೆ, ಜೊತೆಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ನಮ್ಮ ವಿನಂತಿ ಇಷ್ಟು. ಒಂದು, "ಒಣ ಸೀಮೆಯ ಜನರಿಗಾಗಿ" ಎಂದು ಹೇಳಿ ಘಟ್ಟದ ಹೊಳೆಗೆ ಕೈ ಹಾಕುವವರು ಬಂದರೆ, ಒಣ ಸೀಮೆಯವರಾಗಿ ನಾವೇ ಮೊದಲು ಲೆಕ್ಕ ಕೇಳೋಣ: ಎಷ್ಟು ನೀರಿದೆ, ಅಳೆದವರು ಯಾರು, ಒಡ್ಡಿನ ಕೆಳಗೆ ಎಷ್ಟು ಬಿಡುತ್ತೀರಿ? ಎರಡು, ನಮ್ಮ ಊರಿನ ಕೆರೆಯ ಕಾಲುವೆ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಎಂದು ಮಕ್ಕಳ ಜೊತೆ ಒಮ್ಮೆ ನಡೆದು ನಕ್ಷೆ ಬರೆಯೋಣ, ಅದನ್ನು ಪಂಚಾಯತಿಗೆ ಕೊಡೋಣ. ಮೂರು, ಮೊದಲ ದೊಡ್ಡ ಮಳೆಯ ರಾತ್ರಿ ಯಾವ ಯಾವ ಕಪ್ಪೆ ಕೂಗಿತು ಎಂದು ಪ್ರತಿ ಮಗುವೂ ಒಂದು ನೋಟುಪುಸ್ತಕದಲ್ಲಿ ಬರೆಯಲಿ. ಹೊಂಡದಲ್ಲಿ ಹಳದಿಯಾಗಿ ಕೂಗುವ ದೊಡ್ಡ ಕಪ್ಪೆ ಯಾವ ವರ್ಷ ಬಂತು, ಯಾವ ವರ್ಷ ಬರಲಿಲ್ಲ, ಯಾವ ಹೊಲದಲ್ಲಿ ಔಷಧಿ ಹೊಡೆದ ಮೇಲೆ ಸದ್ದಡಗಿತು, ಹತ್ತು ವರ್ಷದ ಪುಸ್ತಕ ಇದ್ದರೆ ಅದು ಯಾವ ಆಫೀಸಿನ ಫೈಲಿಗಿಂತಲೂ ಗಟ್ಟಿ ಸಾಕ್ಷಿ. ಇದಕ್ಕೆ ಅನುದಾನ ಬೇಡ, ಲ್ಯಾಬ್ ಬೇಡ. ಕನ್ನಡ ಬರೆಯಲು ಬಂದರೆ ಸಾಕು.

ನಮ್ಮ ಮಕ್ಕಳಿಗೆ ಇದರಲ್ಲಿ ಇನ್ನೊಂದು ಸಂತೋಷವೂ ಇದೆ. ಲೋಕದ ವಿಜ್ಞಾನಿಗಳೆಲ್ಲ ಬಳಸುವ ಹೆಸರುಗಳಲ್ಲಿ ಕೆಂಪುಹೊಳೆ ಇದೆ, ಗುಂಡ್ಯ ಇದೆ. 2014ರಲ್ಲಿ ಕತ್ತಲೆಕಾನಿನ ಹಳ್ಳದಲ್ಲಿ ಸಿಕ್ಕ ಇನ್ನೊಂದು ಇರುಳುಗಪ್ಪೆಗೆ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇಟ್ಟ ಹೆಸರು 'ಕುಂಬಾರ'. ಗಂಡು ಕಪ್ಪೆ ಹೊಳೆಯ ತಳದ ಕೆಸರನ್ನು ಮುಂಗಾಲಲ್ಲಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಅದಕ್ಕೇ ಆ ಹೆಸರು! ಇಂಗ್ಲಿಷಿನವನೂ ಜಪಾನಿನವನೂ ಅದನ್ನು ಕುಂಬಾರ ಎಂದೇ ಓದಬೇಕು. ಹೆಸರು ಮಾತ್ರ ಉಳಿದು ಕಪ್ಪೆ ಹೋದರೆ ಆ ಹೆಸರಿಗೇನು ಬೆಲೆ?

ಇನ್ನು ಆ ಹುಡುಗನ ಪ್ರಶ್ನೆಗೆ ನಮ್ಮ ಉತ್ತರ. ಅಪ್ಪಾ, ಕಪ್ಪೆ ದೊಡ್ಡದೂ ಅಲ್ಲ, ಮನುಷ್ಯ ದೊಡ್ಡವನೂ ಅಲ್ಲ, ಹೊಳೆ ದೊಡ್ಡದು. ಯಾರು ದೊಡ್ಡವರು ಎಂದು ನಿನ್ನನ್ನೂ ಕಪ್ಪೆಯನ್ನೂ ಜಗಳಕ್ಕೆ ಬಿಟ್ಟವರ ಕೈಯಲ್ಲಿ ಏನಿದೆ ಎಂದು ನೋಡು. ಕಪ್ಪೆಯ ಹತ್ತಿರ ಪೈಪೂ ಇಲ್ಲ, ಪಂಪೂ ಇಲ್ಲ, ಟೆಂಡರೂ ಇಲ್ಲ. ಮುಂದಿನ ರಜೆಗೆ ಮಾವನ ಮನೆಗೆ ಹೋದಾಗ ಈ ಲೆಕ್ಕ ತೋರಿಸು: 24.01ರಲ್ಲಿ 9.55 ಕಳೆದರೆ ಎಷ್ಟು? ಮಾವ ಏನು ಹೇಳಿದರು ಎಂದು ಬಂದು ಹೇಳು. ನಾವೆಲ್ಲ ಕಾಯುತ್ತಿರುತ್ತೇವೆ.